ಮಾವನ ಬೇಲಿ, ನನ್ನ ಕಾಲುದಾರಿ

ನಮ್ಮ ಸೋದರಮಾವ ಮನುಷ್ಯರ ಮಾತು ಕೇಳುವುದಿಲ್ಲ, ಮರದ ಮಾತಾದರೆ ಕಿವಿಗೊಟ್ಟು ಕೇಳುತ್ತಾನೆ! ಸುಳ್ಳಲ್ಲ. ಹಸುಗಳಿಗೆಂದು ಬಿಟ್ಟ ಹುಲ್ಲಿನ ಬೀಳಿಗೆ ಮುಳ್ಳುತಂತಿ ಬೇಲಿ ಹಾಕಲು ಹೊರಟವನು ಒಂದೊಂದು ಜಾಲಿ ಕಂಬವನ್ನೂ ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿ ಹಚ್ಚಿ, "ಇದು ಟೊಳ್ಳು" ಎಂದು ಎಸೆಯುತ್ತಿದ್ದ. ಮಡಕಶಿರಾ ಸುತ್ತ ಎಲ್ಲರೂ ಕಲ್ಲುಕಂಬ ನೆಟ್ಟು ವಾರದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಇವನಿಗೇಕೆ ಮರ?

"ಕಲ್ಲಿಗೆ ಮೊಳೆ ಹೊಡಿಯಕ್ಕಾಗ್ತದಾ? ಹಸ ಒರಗಿದ್ರೆ ಕಲ್ಲು ಮುರೀತದೆ, ಮರ ತಡಕಂತದೆ ಕಣಮ್ಮಿ."

ತಡೆದುಕೊಳ್ಳಬೇಕಾದವಳು ನಾನು! ತೊಗಟೆ ಸುಲಿದದ್ದು ನಾನು ಗುಡಿಸಿದ ಅಂಗಳದಲ್ಲಿ. ಗೆದ್ದಲು ಹತ್ತಬಾರದೆಂದು ಕಂಬಗಳ ಬುಡ ಸುಟ್ಟು ಕರಿ ಮಾಡಿದ್ದು ನನ್ನ ನೀರೊಲೆಯಲ್ಲಿ. ಕಂಬಗಳು ಬೆಚ್ಚಗಿದ್ದವು; ನಾನು ತಣ್ಣೀರು ಸುರಿದುಕೊಂಡು ಗಾರ್ಮೆಂಟ್ಸಿಗೆ ಹೋದೆ.

ಅದನ್ನೂ ಸಹಿಸಿದೆ. ಆದರೆ ಬೇಲಿ ಬಂದದ್ದೆಲ್ಲಿಗೆ? ನೇರ ನನ್ನ ಕಾಲುದಾರಿಗೆ ಅಡ್ಡ! ಬೀಳು ದಾಟಿದರೆ ಐದು ನಿಮಿಷಕ್ಕೆ ರಸ್ತೆ, ಹಿಂದೂಪುರದ ವ್ಯಾನು. ಸುತ್ತಿ ಹೋದರೆ ಇಪ್ಪತ್ತು. ತಿಂಗಳಲ್ಲಿ ಮೂರು ಸಲ ವ್ಯಾನು ತಪ್ಪಿದರೆ ನನ್ನ ಮಿಷನ್ನಿನ ಮುಂದೆ ಬೇರೆಯವಳು ಕೂತಿರುತ್ತಾಳೆ. ಬೇಲಿಯ ದೆಸೆಯಿಂದ ಆಗಲೇ ಎರಡಾಗಿತ್ತು.

"ಮಾವ, ನನ್ ದಾರಿ?"

"ಬೇಲಿ ಅಂದ್ಮೇಲೆ ಹಸ ನುಗ್ಗೋ ಸಂದಿರಬಾರ್ದು."

"ನಾನೇನು ಹಾರ್ಕಂಡ್ ಹೋಗ್ಲಾ?"

"ತಂತಿ ಮೂರ್ನೇ ಎಳೆ ಇನ್ನೂ ಬಿಗಿದಿಲ್ಲ, ಸುಮ್ಕಿರು."

ಇದು ಉತ್ತರವೇ?

ಭಾನುವಾರ ಇನ್ನೊಂದು ಅವತಾರ. ಊಟದ ಬ್ಯಾಗು ಹೆಗಲಿಗೆ ಹಾಕಿಸಿ, ಎರಡು ಕಂಬಗಳ ನಡುವೆ ನನ್ನನ್ನು ನಿಲ್ಲಿಸಿ, ಗೇಣು ಹಾಕಿ ಅಳೆದ.

"ನನ್ನೇನು ಎಮ್ಮೆ ಅನ್ಕಂಡಿದೀಯಾ?"

"ಎಮ್ಮೆಗಿಂತ ಒಂದ್ ಗೇಣು ಕಮ್ಮಿ ಇದೀಯ" ಎಂದ, ಗಂಭೀರವಾಗಿ!

ಸಂಜೆ ನೋಡಿದರೆ, ಕೌದಿ ಹೊಲಿಯಲೆಂದು ಫ್ಯಾಕ್ಟರಿಯಿಂದ ತಂದಿಟ್ಟಿದ್ದ ನೀಲಿ ಬಟ್ಟೆಯ ತುಂಡುಗಳ ಗಂಟೇ ಮಾಯ. ಕಂಬಕ್ಕೆ ಹಳೇ ಇಂಜಿನ್ ಆಯಿಲು ಬಳಿದ ಕೈಯನ್ನು ಅದರಲ್ಲೇ ಒರೆಸಿ ಎಸೆದಿರಬೇಕು! ಅಂದು ಮುದ್ದೆಯ ತಟ್ಟೆಯನ್ನು ಅವನ ಮುಂದೆ ತುಸು ಜೋರಾಗಿಯೇ ಕುಕ್ಕಿದೆ.

ಬೆಳಿಗ್ಗೆ ಬೈಗುಳ ಜೋಡಿಸಿಕೊಳ್ಳುತ್ತಲೇ ಬೇಲಿಗೆ ಬಂದೆ. ಕಾಲುದಾರಿ ತಂತಿಯನ್ನು ಮುಟ್ಟುವಲ್ಲಿ ಎರಡು ಕಂಬಗಳ ನಡುವೆ ಸಂದು, ಅದರೆದುರಿಗೆ ಅಡ್ಡವಾಗಿ ಮೂರನೆಯ ಕಂಬ. ಮನುಷ್ಯರು ಮಗ್ಗುಲಾಗಿ ತಿರುಗಿ ದಾಟಬಹುದು. ಉದ್ದ ಮೈಯ ಹಸು ತಿರುಗಲಾರದು. ಆಚೆ ರಸ್ತೆಯ ಬದಿಗೂ ಅಂಥದ್ದೇ ಒಂದು. ಸಂದಿನ ಅಕ್ಕಪಕ್ಕದ ತಂತಿಯಲ್ಲಿ, ನನ್ನ ಸೆರಗು ತಾಗುವಲ್ಲಿ, ಕಾಲು ತಾಗುವಲ್ಲಿ, ಒಂದೊಂದು ಮುಳ್ಳಿಗೂ ನೀಲಿ ಬಟ್ಟೆ ಸುತ್ತಿ ಗಂಟು ಹಾಕಿತ್ತು.

ಮಾವ ಮೂಲೆಕಂಬಕ್ಕೆ ಕಿವಿ ಹಚ್ಚಿ ಕೂತಿದ್ದ, ನನ್ನನ್ನು ನೋಡದವನಂತೆ.

"ಮಾವ, ರೊಟ್ಟಿ ಮುಚ್ಚಿಟ್ಟಿದೀನಿ. ತಣ್ಣಗಾಗ್ತವೆ, ಹೋಗು."

"ವ್ಯಾನು ಬಂತು, ಓಡು" ಎಂದ, ಕಂಬದಿಂದ ಕಿವಿ ತೆಗೆಯದೆ.

ನನಗಿನ್ನೂ ವ್ಯಾನಿನ ಸದ್ದೇ ಕೇಳಿಸಿರಲಿಲ್ಲ.