ಕಾಲುವೆಯ ದಂಡೆಯಲ್ಲಿ ಹೊತ್ತ ಹರಕೆ

ನಮ್ಮ ಕಲಬುರಗಿ ಸೀಮೆಯಲ್ಲಿ ಸುಮ್ಮನೆ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿರಿ, ಪಕ್ಕದಲ್ಲಿ ಇನ್ನಿಬ್ಬರು ಬಂದು ಕೂರುತ್ತಾರೆ, ಅಷ್ಟೇ. ಆದರೆ ಸುಮ್ಮನೆ ನಡೆದು ನೋಡಿ! ಕಾರಣವಿಲ್ಲದೆ ನಡೆಯುವವನ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಗಾಡಿ ಕೆಟ್ಟಿರಬೇಕು, ಎರಡೂ ಅಲ್ಲವೆಂದರೆ ತಲೆ ಕೆಟ್ಟಿರಬೇಕು. ಹುಟ್ಟಿದಾಗಿನಿಂದ ಇಲ್ಲೇ ಇದ್ದವನಿಗೆ ಇಷ್ಟು ಗೊತ್ತಿರಬೇಕಿತ್ತು. ಗೊತ್ತಿದ್ದೂ ನಡೆಯಲು ಹೊರಟೆ, ಅದು ನನ್ನ ಹಣೆಬರಹ.

ಎಲ್ಲಕ್ಕೂ ಮೂಲ ನನ್ನ ಹೆಂಡತಿ ಶಾಂತಾಳ ಮೊಣಕಾಲು. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ನಾಲ್ಕು ಮೆಟ್ಟಿಲುಗಳಿವೆ. ಅವಳು ಅವನ್ನು ಇಳಿಯುವಾಗ ಗೋಡೆ ಹಿಡಿದು, ಹಲ್ಲು ಕಚ್ಚಿ ನಿಲ್ಲುತ್ತಾಳೆ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ದಿನಾ ನಡೆಯಬೇಕು, ನಡೆಯದಿದ್ದರೆ ಮೊಣಕಾಲನ್ನೇ ಬದಲಿಸಬೇಕಾಗುತ್ತದೆ. ಶಾಂತಾ ಅಷ್ಟೇ ಖಡಾಖಂಡಿತವಾಗಿ ಉತ್ತರಿಸಿದಳು: "ಆ ಡಾಕ್ಟರ ತಾನs ಕಾರಿನಾಗ ಬರ್ತಾನ. ನನಗ ನಡೀ ಅಂತಾನ." ನಾನು ಬಿಡಲಿಲ್ಲ. ನಡಿಗೆಯ ಮಹಿಮೆಯನ್ನು ದಿನಕ್ಕೆ ಮೂರು ಹೊತ್ತು ಮಾತ್ರೆಯ ಹಾಗೆ ಕೊಡತೊಡಗಿದೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಹಂಗಾದ್ರ ಮೊದಲ ನೀವು ನಡದು ತೋರಸ್ರಿ. ಕಮಲಾಪುರದಾಗ ನಮ್ಮ ತಂಗಿ ಸುವರ್ಣಾನ ಮನಿತನಕ. ನೀವು ನಡದ್ರ ನಾನೂ ನಡೀತೀನಿ, ಆಣಿ ಮಾಡಿ ಹೇಳ್ತೀನಿ" ಎಂದಳು. ನನ್ನ ಮುಖ ಬಾಡಿದ್ದನ್ನು ಕಂಡು, "ಹೋಗ್ಲಿ, ಮಹಾಗಾಂವ ತನಕ ಬಸ್ಸಿಗಿ ಹೋಗ್ರಿ. ಅಲ್ಲಿಂದ ನಡೀರಿ" ಎಂದು ದಯೆ ತೋರಿದಳು.

ನನಗೂ ಒಳಗೊಳಗೇ ಒಂದು ಆಸೆಯಿತ್ತು. ಮಹಾಗಾಂವದಿಂದ ಕಮಲಾಪುರಕ್ಕೆ ಕಾಲುವೆಯ ದಂಡೆ ಹಿಡಿದು ಹೋದರೆ ನಡುವೆ ಒಂದು ಪುರಾತನ ಕಲ್ಲುಗುಡಿಯಿದೆ, ಸುತ್ತ ವೀರಗಲ್ಲುಗಳಿವೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಇಪ್ಪತ್ತೈದು ವರ್ಷ ಫೈಲುಗಳನ್ನೇ ನೋಡಿದ ಕಣ್ಣಿಗೆ ಒಂದಿಷ್ಟು ಶಿಲ್ಪ ತೋರಿಸೋಣವೆಂದು ಹೊಸ ಬೂಟು ಕೊಂಡು, ಚೀಲ ಹೆಗಲಿಗೇರಿಸಿ, ಆಫೀಸಿಗೆ ರಜೆಯಿದ್ದ ಐತವಾರ ಮುಂಜಾನೆ ಮಹಾಗಾಂವದಲ್ಲಿ ಬಸ್ಸಿಳಿದೆ.

ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಎರಡೂ ಕಡೆ ತೊಗರಿ ಹೂವಾಡಿತ್ತು. ಆಹಾ, ಎಂದು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಪಕ್ಕದಲ್ಲಿ ನಿಂತಿತು. "ಯಾಕ್ರಿ ಸಾಹೇಬ್ರ, ನಡಕೋತ ಹೊಂಟೀರಿ? ಕೂಡ್ರಿ, ಬಿಡ್ತೀನಿ." ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಆತ ನನ್ನನ್ನು ನೋಡಿದ, ಕಾಲುವೆಯ ನೀರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಬೈಕು ಬಂದ್ ಮಾಡಿ ಕೆಳಗಿಳಿದು, ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡ. "ಮನ್ಯಾಗ ಏನರ ಆಗ್ಯಾದೇನ್ರಿ? ಸಂಸಾರ ಅಂದ್ರ ಮಾತು ಬರ್ತದ ಹೋಗ್ತದ. ಮನಸಿಗಿ ಹಚ್ಕೋಬಾರ್ದು. ಫೋನ್ ನಂಬರ ಕೊಡ್ರಿ, ಅಕ್ಕೋರ ಕೂಡ ನಾ ಮಾತಾಡ್ತೀನಿ."

ಶಾಂತಾಳಿಗೆ ಫೋನು ಹೋದರೆ ಮುಗಿದೇಹೋಯಿತು. ಬೈಕು ಹತ್ತಿದರೂ ಮುಗಿಯಿತು. ಅವಳ ಆಣೆ ಅಲ್ಲಿಗೇ ಮುರಿಯುತ್ತದೆ, ಮೊಣಕಾಲು ಆಸ್ಪತ್ರೆಯ ಪಾಲಾಗುತ್ತದೆ. ಏನು ಹೇಳಬೇಕೆಂದು ತಿಳಿಯದೆ, "ಹರಕೆ ಇದೆ ಮಾರಾಯಾ" ಎಂದುಬಿಟ್ಟೆ. ಆತನ ಮುಖ ಅರಳಿತು. "ಹಂಗಂತ ಮೊದಲs ಹೇಳಬೇಕಿಲ್ಲೇನ್ರಿ! ಯಾವ ದೇವರಿಗಿ?" ಬಾಯಿಗೆ ಬಂದದ್ದು ಆ ಕಲ್ಲುಗುಡಿಯ ಹೆಸರು.

"ಹಾಳ ಗುಡಿಗ್ಯಾ? ಅದರಾಗ ದೇವರs ಇಲ್ಲಲ್ಲರಿ!"

ನಾನು ಗಂಭೀರವಾಗಿ ತಲೆಯಾಡಿಸಿದೆ. ದೇವರಿಲ್ಲದ ಗುಡಿಗೇ ಹರಕೆ ಹೊತ್ತಿದ್ದಾರೆಂದರೆ ಬಹಳ ಕಠಿಣ ವ್ರತವೇ ಇರಬೇಕೆಂದು ಆತನೇ ತೀರ್ಮಾನಿಸಿದ. ಯಾರ ಸಲುವಾಗಿ ಎಂದ. ಮನೆಯವಳ ಮೊಣಕಾಲಿಗೆ ಎಂದೆ. ಅದೊಂದಾದರೂ ನಿಜವಿತ್ತು. ಆತ ಕಾಲಿಗೆ ನಮಸ್ಕರಿಸಲು ಬಗ್ಗಿದವನು ಅಲ್ಲೇ ತಡೆದು, "ಹರಕಿ ಅಂತೀರಿ, ಕಾಲಾಗ ಬೂಟ ಅದಾವಲ್ಲರಿ?" ಎಂದು ಕೇಳಿದ. ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಇವತ್ತು ನಾನು ನೆಟ್ಟಗೆ ನಡೆಯುತ್ತಿದ್ದೆ. ಹೇಳಲಿಲ್ಲ. ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ.

ಕಾಲುವೆ ಸೋರಿ ಸೋರಿ ಮುಂದಿನ ತಗ್ಗೆಲ್ಲ ಜೌಗಾಗಿತ್ತು. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತಿರಬಹುದು. ನೀರು ಕುಡಿದರೆ ಅದು ಬೀಗರಿದ್ದ ಹಾಗೆ, ಕಾಲು ಹಿಡಿದರೆ ಬಿಡುವುದಿಲ್ಲ. ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಮೊಣಕಾಲಿನವರೆಗೆ ಹೂತಿರುತ್ತಿತ್ತು. ರಾಡಿಯಲ್ಲಿ ಅಡಗಿದ್ದ ಜಾಲಿಮುಳ್ಳುಗಳು ಒಂದೊಂದಾಗಿ ಪರಿಚಯ ಮಾಡಿಕೊಂಡವು. ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವು. ಯಪ್ಪಾ, ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆ.

ಹೇಗೋ ಗುಡಿ ಮುಟ್ಟಿದೆ. ಒಬ್ಬನೇ ಕೂತು ವೀರಗಲ್ಲು ನೋಡುವ ನನ್ನ ಆಸೆಯನ್ನು ಹಾಲಿನವನು ಬೈಕಿನಲ್ಲಿ ಮುಂದೆ ಹೋಗಿ, ಸುದ್ದಿ ಹಬ್ಬಿಸಿ ಆಗಲೇ ಹಾಳುಮಾಡಿದ್ದ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರೆಲ್ಲ ನೆರೆದಿದ್ದರು. ಕತ್ತಿ ಹಿಡಿದ ವೀರನ ಹಣೆಗೆ ಅರಿಷಿಣ ಕುಂಕುಮ ಬಿದ್ದಿತ್ತು. "ಯಣ್ಣಾ, ಐದು ಸುತ್ತ ಹಾಕ್ರಿ. ಹಂಗs ನಮ್ಮ ಅತ್ತಿ ಮೊಣಕಾಲಿಗೂ ಒಂದು ಸುತ್ತ" ಎಂದಳು ಒಬ್ಬಳು. ಉಳಿದವರಿಗೂ ಅತ್ತೆಯಂದಿರಿದ್ದರು, ಅವರಿಗೆಲ್ಲ ಮೊಣಕಾಲುಗಳಿದ್ದವು. ನಾನು ಎಷ್ಟು ಸುತ್ತಿದೆನೋ ಆ ವೀರನೇ ಬಲ್ಲ. ಯುದ್ಧದಲ್ಲಿ ಸತ್ತ ಅವನ ಮೇಲೆ ನನಗೆ ಆಗ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ರಸ್ತೆಗೆ ಬಂದಾಗ ನನ್ನಲ್ಲಿ ಉಸಿರೊಂದು ಬಿಟ್ಟರೆ ಏನೂ ಉಳಿದಿರಲಿಲ್ಲ. ಶಾಂತಾ, ಆಣೆ, ಮೊಣಕಾಲು ಯಾವುದೂ ಬೇಡವಾಯಿತು. ಊರ ಹೊರಗೆ ಇಳಿದರಾಯಿತು ಎಂದುಕೊಂಡು, ಬಂದ ಟೆಂಪೊಗೆ ಎರಡೂ ಕೈ ಎತ್ತಿದೆ. ಡ್ರೈವರ್ ನಿಲ್ಲಿಸಿ, ಇಳಿದು ಬಂದು, ಕೆಸರು ಮೆತ್ತಿದ ನನ್ನ ಪಾದ ಮುಟ್ಟಿದ. "ಹಾಳ ಗುಡಿ ಹರಕಿಯವರು ನೀವs ಅಲ್ಲೇನ್ರಿ?" "ಹೌದಪ್ಪ, ಹತ್ತಿಸಿಕೋ, ಪುಣ್ಯ ಬರುತ್ತೆ" ಎಂದೆ. ಆತ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರಿ ಯಪ್ಪಾ! ನಿಮ್ಮ ಹರಕಿ ಮುರದ ಪಾಪ ನನ್ನ ಗಾಡಿಗಿ ಹತ್ತಬೇಕೇನು? ಹೆಂಡ್ರು ಮಕ್ಕಳು ಇದ್ದಾವ ನಾ." ಹರಕೆಯೂ ಇಲ್ಲ, ಮಣ್ಣೂ ಇಲ್ಲ, ಎಲ್ಲ ಸುಳ್ಳು ಎಂದು ಕೈಮುಗಿದೆ. ಒಳಗಿದ್ದವರು ಅಯ್ಯೋ ಪಾಪ ಎಂದು ಲೊಚಗುಟ್ಟಿದರು. "ಕಡೀ ಹೊತ್ತಿಗಿ ಹಿಂಗs ಮನಸು ಹೊಯ್ದಾಡ್ತದ. ಧೈರ್ಯ ಬಿಡಬ್ಯಾಡ್ರಿ" ಎಂದರು ಒಬ್ಬ ಮುದುಕರು. ಕೊನೆಗೆ ಭಾರ ಹೊತ್ತು ನಡೆಯಬಾರದೆಂದು ಡ್ರೈವರ್ ನನ್ನ ಬೂಟು, ಚೀಲ ಎರಡನ್ನೂ ಇಸಿದುಕೊಂಡು ಹೋದ. ಹೀಗೆ ನನ್ನ ಬೂಟು, ಹರಕೆಯ ಸುದ್ದಿಯ ಸಮೇತ, ಟೆಂಪೊದಲ್ಲಿ ಕಮಲಾಪುರದ ಸುವರ್ಣಾಳ ಮನೆ ಸೇರಿತು. ನಾನು ಹಿಂದೆ ನಡೆದುಹೋದೆ.

ಸುವರ್ಣಾ ಬಾಗಿಲಲ್ಲೇ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದಳು. ಅವಳ ಗಂಡ, ಅಂದರೆ ನನ್ನ ಷಡ್ಡಕ, ಒಂದು ಗೊನೆ ಕೆಂಪು ಬಾಳೆಹಣ್ಣು ತಂದು ನನ್ನ ಮುಂದಿಟ್ಟು ದೂರ ಕೂತ. ಎಲ್ಲೇ ಸಿಕ್ಕರೂ ನನ್ನನ್ನು ಕಾಡಿಸುವವನು ಅಂದು ಕೈಮುಗಿದುಕೊಂಡೇ ಇದ್ದ. ಸುವರ್ಣಾ ಫೋನು ಹಚ್ಚಿಕೊಟ್ಟಳು. ಆ ಕಡೆ ಶಾಂತಾ ಅಳುತ್ತಿದ್ದಳು. "ನನ್ನ ಮೊಣಕಾಲ ಸಲುವಾಗಿ ಇಷ್ಟ ತ್ರಾಸ ತಗೊಂಡ್ರ್ಯಾ? ಒಂದು ಮಾತರ ಹೇಳಬಾರ್ದೇನ್ರಿ?" ಮದುವೆಯಾದಾಗಿನಿಂದ ಅವಳು ನನ್ನಿಂದ ಅತ್ತದ್ದುಂಟು, ನನಗಾಗಿ ಅತ್ತದ್ದು ಅದೇ ಮೊದಲು. ಆ ಅಳುವನ್ನು ಕೆಡಿಸಲು ಮನಸ್ಸಾಗಲಿಲ್ಲ. ನಿಜ ಹೇಳುವ ಎರಡನೇ ಅವಕಾಶವನ್ನೂ ಹಾಗೆ ಕಳೆದುಕೊಂಡೆ.

"ಹೋಗಲಿ ಬಿಡು. ನಾಳೆಯಿಂದ ನೀನೂ ನಡೀತೀಯಲ್ಲ?" ಎಂದು ಕೇಳಿದೆ.

"ಅಯ್ಯ, ಹುಚ್ಚರಂಗ ಮಾತಾಡಬ್ಯಾಡ್ರಿ. ಹರಕಿ ನೀವು ಹೊತ್ತೀರಿ. ನಡುವ ನಾ ನಡದ್ರ ದೇವರ ಮ್ಯಾಲ ನಂಬಿಕಿ ಇಲ್ಲದಂಗ ಆಗ್ತದ. ಐದು ಸೋಮವಾರ ನೀವು ನಡದು ಮುಗಸ್ರಿ." ಸೋಮವಾರ ಆಫೀಸಿದೆ ಎಂದೆ. "ಐತವಾರ ನಡೀರಿ. ದೇವರೇನು ರಜಾ ತಗೋತಾನೇನು?"

ನಾಲ್ಕು ಐತವಾರ ಮುಗಿದಿವೆ. ಹಾಳು ಗುಡಿಗೆ ಯಾರೋ ಗಂಟೆ ಕಟ್ಟಿದ್ದಾರೆ. ಕಳೆದ ವಾರ ಜೌಗಿನ ನಡುವೆ ಬರಿಗಾಲಲ್ಲಿ ಸಿಕ್ಕಿಕೊಂಡಿದ್ದ ಇಬ್ಬರು ಗಂಡಸರನ್ನು ಕಂಡೆ. "ಈ ಹರಕಿ ಯಾವ ಪುಣ್ಯಾತ್ಮ ಸುರು ಮಾಡ್ಯಾನೋ, ಸಿಕ್ಕರ ಬಿಡಂಗಿಲ್ಲ" ಎಂದು ಒಬ್ಬ ಹಲ್ಲು ಕಡಿದ. ನಾನೂ ಅವರ ಜೊತೆ ಸೇರಿ ಆ ಪುಣ್ಯಾತ್ಮನನ್ನು ಬಾಯಿತುಂಬ ಬೈದೆ. ಶಾಂತಾ ಮಾತ್ರ ಮಂಚದ ಮೇಲೆ ಕೂತು, ಕಾಲು ನೀಡಿ, ಮೊದಲಿಗಿಂತ ಹಗುರಾಗಿದೆ ಎನ್ನುತ್ತಾಳೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿಲ್ಲ; ಈಗ ಅದೇ ಗೋಡೆಯನ್ನು ಇನ್ನೊಂದು ಕಡೆಯಿಂದ ನಾನೂ ಹಿಡಿಯುತ್ತೇನೆ.

ನಿನ್ನೆ ಅದೇ ಡಾಕ್ಟರಿಗೆ ಊದಿದ ನನ್ನ ಮೊಣಕಾಲು ತೋರಿಸಿ ಬಂದೆ. ನಡೆಯುವುದನ್ನು ಪೂರ್ತಿ ನಿಲ್ಲಿಸಿ ಎಂದರು. ಈ ಮಾತಿಗಾದರೂ ಶಾಂತಾ ಕರಗುತ್ತಾಳೆಂದು ಓಡಿ ಬಂದು, ಅಂದರೆ ಕುಂಟಿ ಬಂದು, ಹೇಳಿದೆ. ಅವಳಿಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಎಣ್ಣೆ ಬಿಸಿ ಮಾಡಿ ತಂದು ನನ್ನ ಮೊಣಕಾಲು ತಿಕ್ಕುತ್ತಾ, "ಚಿಂತಿ ಮಾಡಬ್ಯಾಡ್ರಿ. ನಿಮ್ಮ ಕಾಲಿಗಿ ನಾನೂ ಹರಕಿ ಹೊತ್ತೀನಿ" ಎಂದಳು. ನನ್ನ ಜೀವ ಎದ್ದು ಕೂತಿತು. ಸದ್ಯ, ಇನ್ನಾದರೂ ಇವಳು ನಡೆಯುತ್ತಾಳೆ!

"ಏನಂತ ಹೊತ್ತಿದ್ದೀ?" ಎಂದು ಆಸೆಯಿಂದ ಕೇಳಿದೆ.

"ನಮ್ಮ ಮನಿಯವರ ಕಾಲ ಆರಾಮ ಮಾಡಪ್ಪಾ, ಇನ್ನೂ ಐದು ಐತವಾರ ಅವರಿಗಿ ನಿನ್ನ ಗುಡಿಗಿ ನಡಸ್ತೀನಿ ಅಂತ."