ಐದು ತೂತಿಗೆ ಎಷ್ಟು ರಜೆ?

ಗುಮಾಸ್ತ: ಅಂಗಿ ಇನ್ನೂ ಸ್ವಲ್ಪ ಮೇಲೆತ್ರೀ. ಇಷ್ಟೇನಾ?

ಪಂಪಿನವ: ಇಷ್ಟೇ ಸಾರ್.

ಗುಮಾಸ್ತ: ಇದಕ್ಕೆ ಆಪರೇಷನ್ ಅಂತೀರಾ? ನಮ್ಮನೆ ಬೆಕ್ಕು ಪರಚಿದ್ರೆ ಇದಕ್ಕಿಂತ ಉದ್ದ ಇರುತ್ತೆ.

ನೀರು ಸರಬರಾಜು ಕಚೇರಿಯ ರಜೆ ವಿಭಾಗ. ಗುಮಾಸ್ತರ ಕೈಯಲ್ಲಿ ಒಂದಡಿಯ ಮರದ ಸ್ಕೇಲು. ಎದುರಿಗೆ ಹೊಟ್ಟೆ ಬಿಟ್ಟುಕೊಂಡು ನಿಂತವನು ಪಂಪ್‌ಹೌಸಿನ ನೌಕರ. ಪಕ್ಕದ ಬೆಂಚಿನಲ್ಲಿ ಅವನ ಹೆಂಡತಿ, ತೊಡೆಯ ಮೇಲೆ ಆಸ್ಪತ್ರೆಯ ಕಾಗದದ ಚೀಲ. ಅವನ ಯಕೃತ್ತಿನಲ್ಲಿ ಗಡ್ಡೆ ಇತ್ತು. ಹದಿನಾಲ್ಕು ದಿನದ ಹಿಂದೆ ಹೊಟ್ಟೆ ಸೀಳದೆ, ಸಣ್ಣ ತೂತು ಕೊರೆದು ಅವುಗಳ ಮೂಲಕವೇ, ಗಡ್ಡೆ ಇದ್ದ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಆರು ವಾರ ಭಾರ ಎತ್ತಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆದರೆ ಆ ಕಚೇರಿಯಲ್ಲಿ ರಜೆ ಸಿಗುವುದು ಡಾಕ್ಟರ ಮಾತಿನಿಂದಲ್ಲ, ಗೋಡೆಗೆ ಅಂಟಿಸಿದ ಪಟ್ಟಿಯಿಂದ. ಗಾಯ ಒಂದು ಅಂಗುಲದೊಳಗಿದ್ದರೆ ಮೂರು ದಿನ. ಆರು ಅಂಗುಲದೊಳಗೆ ಎರಡು ವಾರ. ಆರು ಮುಟ್ಟಿದರೆ ಆರು ವಾರ. ಹನ್ನೆರಡು ದಾಟಿದರೆ ಎಂಟು ವಾರ.

ಗುಮಾಸ್ತ: ನಾಲ್ಕು ತೂತು, ಒಂದೊಂದು ಅರ್ಧ ಅಂಗುಲ. ಕೆಳಗಡೆ ಅಡ್ಡ ಒಂದು, ಮೂರು ಅಂಗುಲ. ಇದ್ಯಾಕೆ ದೊಡ್ಡದು?

ಪಂಪಿನವ: ಒಳಗೆ ಕತ್ತರಿಸಿದ್ದನ್ನ ಒಂದು ಚೀಲಕ್ಕೆ ಹಾಕಿ ಅಲ್ಲಿಂದ ಎಳ್ಕೊಂಡ್ರಂತೆ ಸಾರ್.

ಗುಮಾಸ್ತ: ಸರಿ. ಇರೋದ್ರಲ್ಲಿ ಉದ್ದದ್ದು ಮೂರು. ಎರಡು ವಾರ. ಅದು ನಿನ್ನೆಗೇ ಮುಗೀತು. ಸೋಮವಾರ ಡ್ಯೂಟಿಗೆ ಬನ್ನಿ.

ಹೆಂಡತಿ: ಅಯ್ಯೋ ಸ್ವಾಮಿ, ಅಲ್ಲಿ ಆ ವಾಲ್ವಿನ ಚಕ್ರ ತಿರುಗಿಸೋಕೆ ಎತ್ತಿನ ಬಲ ಬೇಕು. ಇವರಿಗೆ ಬಿಂದಿಗೆ ಎತ್ತಬಾರದು ಅಂದಿದ್ದಾರೆ. ಒಳಗಡೆ ಕಿತ್ಕೊಂಡ್ರೆ ಗತಿ ಏನು?

ಗುಮಾಸ್ತ: ಒಳಗಡೆದು ಪಟ್ಟಿಲಿಲ್ಲ ತಾಯಿ. ಕಣ್ಣಿಗೆ ಕಾಣೋದು ಮಾತ್ರ.

ಹೆಂಡತಿ: ಐದನ್ನೂ ಕೂಡಿಸಿ ನೋಡಿ ಮತ್ತೆ.

ಗುಮಾಸ್ತರು ಬೆರಳು ಮಡಚಿ ಕೂಡಿಸಿದರು.

ಗುಮಾಸ್ತ: ಐದು ಅಂಗುಲ. ಒಂದು ಕಡಿಮೆ ಬಿತ್ತು.

ಪಂಪಿನವ: ಲಿವರ್‌ನಲ್ಲಿ ಮೂರನೇ ಒಂದು ಪಾಲೇ ಹೋಯ್ತಲ್ಲ ಸಾರ್! ಅದಕ್ಕೆ ಲೆಕ್ಕ ಇಲ್ವಾ?

ಗುಮಾಸ್ತ: ಅಂಗನಷ್ಟ ಅಂತ ಬೇರೆ ಕಾಲಂ ಇದೆ. ಹೋದದ್ದು ವಾಪಸ್ ಬರಲ್ಲ ತಾನೆ?

ಪಂಪಿನವ: ಬರುತ್ತೆ ಸಾರ್. ಲಿವರ್ ಮತ್ತೆ ಬೆಳ್ಕೊಳ್ಳುತ್ತಂತೆ.

ಹೆಂಡತಿ: ರೀ, ನಿಮ್ಮನ್ನ ಯಾರು ಕೇಳಿದ್ರು?

ಗುಮಾಸ್ತ: ಮತ್ತೆ ಬೆಳೆಯುತ್ತಾ? ಹಾಗಾದ್ರೆ ಕೂದಲು, ಉಗುರಿನ ಸಾಲಿಗೆ ಬಂತು. ಅದಕ್ಕೆ ರಜೆನೇ ಇಲ್ಲ.

ಪಂಪಿನವ: ಹೊಟ್ಟೆಗೆ ಗ್ಯಾಸ್ ತುಂಬಿದ್ರು ಸಾರ್, ಸೈಕಲ್ ಟ್ಯೂಬಿಗೆ ಗಾಳಿ ಹೊಡೆದ ಹಾಗೆ. ಒಳಗೆ ಜಾಗ ಆಗ್ಲಿ ಅಂತ.

ಗುಮಾಸ್ತ: ಗ್ಯಾಸ್ ಇದೆ ಪಟ್ಟೀಲಿ. ಅರ್ಧ ದಿನ.

ಹೆಂಡತಿ: ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಿಮಗೆ ಸ್ಕೇಲ್ ಬೇಕು. ದೇವರು ಒಳ್ಳೇದು ಮಾಡ್ಲಿ. ನಡೀರಿ, ಆ ಡಾಕ್ಟ್ರ ಹತ್ರ ಹೋಗಿ ಇನ್ನೊಂದು ಅಂಗುಲ ಕೊಯ್ಸಿಕೊಂಡು ಬರೋಣ.

ಪಂಪಿನವ: ನೀನು ಸುಮ್ನಿರೇ, ಅವರು ನಿಜ ಅಂದ್ಕೊಂಡಾರು!

ಗುಮಾಸ್ತರು ನಗಲಿಲ್ಲ. ಸ್ಕೇಲನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

ಗುಮಾಸ್ತ: ಆ ಗ್ಯಾಸು... ಆಮೇಲೆ ಎಲ್ಲಿ ಹೋಗುತ್ತೆ?

ಪಂಪಿನವ: ಮುಕ್ಕಾಲು ಪಾಲು ಅವರೇ ಬಿಟ್ಬಿಡ್ತಾರೆ. ಉಳಿದದ್ದು ಬಲಗಡೆ ಭುಜಕ್ಕೆ ಎಳೆಯುತ್ತೆ ಸಾರ್. ಹೊಟ್ಟೆ ಕೊಯ್ದು ಭುಜ ನೋಯೋದು ಅಂದ್ರೆ ಏನು ಹೇಳಲಿ!

ಗುಮಾಸ್ತ: ತುಂಬಾ ನೋಯುತ್ತಾ?

ಪಂಪಿನವ: ಎರಡು ದಿನ. ಇದೂ ಕಾಲಂನಲ್ಲಿದೆಯಾ ಸಾರ್?

ಗುಮಾಸ್ತ: ಇದೆ ಅಂದ್ಕೊಳ್ಳಿ. ಕೆಮ್ಮು ಬಂದ್ರೆ?

ಪಂಪಿನವ: ದಿಂಬು ಒತ್ತಿ ಹಿಡ್ಕೊಂಡು ಕೆಮ್ಮಬೇಕು.

ಗುಮಾಸ್ತ: ಎಷ್ಟನೇ ದಿನ ಎದ್ದು ಓಡಾಡಿದ್ರಿ?

ಪಂಪಿನವ: ಮಾರನೇ ದಿನವೇ ನಡೆಸಿದ್ರು ಸಾರ್.

ಗುಮಾಸ್ತ: ಎಚ್ಚರ ಆದ ಮೇಲೆ... ಮನೆಯವರ ಗುರುತು ಸಿಗುತ್ತಾ?

ಹೆಂಡತಿ ಅಷ್ಟರಲ್ಲಿ ಮಾತು ನಿಲ್ಲಿಸಿ ಮೇಜು ನೋಡುತ್ತಿದ್ದಳು. ಶಾಯಿ ಸೀಸೆಯ ಕೆಳಗೆ ಮಡಿಸಿಟ್ಟ ಹಳದಿ ಹಾಳೆಯ ಅಂಚು ಕಾಣುತ್ತಿತ್ತು. ಅಂಥದೇ ಹಾಳೆಯನ್ನು ಅವಳು ಒಂದು ತಿಂಗಳು ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ಆಪರೇಷನ್ನಿನ ಹಿಂದಿನ ದಿನ ಏನು ತಿನ್ನಬೇಕು, ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಬರೆದ ಹಾಳೆ.

ಹೆಂಡತಿ: ಸ್ವಾಮಿ, ನಿಮಗೆ ಯಾವತ್ತು?

ಗುಮಾಸ್ತರು ಸ್ಕೇಲನ್ನು ಸರಿಸಿ ಹಾಳೆ ಮುಚ್ಚಲು ನೋಡಿದರು. ಒಂದು ಅಂಗುಲ ಅಗಲದ ಸ್ಕೇಲು ಎಷ್ಟನ್ನು ಮುಚ್ಚೀತು?

ಗುಮಾಸ್ತ: ಗುರುವಾರ.

ಪಂಪಿನವ: ನಿಮಗೂ ಲಿವರ್ರಾ?

ಗುಮಾಸ್ತ: ಎಡಗಡೆ ತುಂಡು, ತೂತಿಂದಲೇ. ಮೆಲ್ಲಗೆ ಮಾತಾಡ್ರೀ.

ಹೆಂಡತಿ: ನೀವು ಮಲಗಿದಾಗ ಈ ಕುರ್ಚೀಲಿ ಯಾರು ಕೂರ್ತಾರೆ?

ಗುಮಾಸ್ತ: ನಮ್ಮ ಕಿರಿಯ ಗುಮಾಸ್ತ. ನಾನೇ ಕಲಿಸಿದವನು. ದಾರ ಹಿಡಿದು ಅಳೀತಾನೆ, ಕೂದಲೆಳೆ ಬಿಡಲ್ಲ.

ಪಂಪಿನವ: ಮಾಡಿದ್ದುಣ್ಣೋ ಮಹಾರಾಯ!

ಹೆಂಡತಿ: ರೀ, ಬಾಯ್ಮುಚ್ಚಿ. ಸ್ವಾಮಿ, ಪಟ್ಟಿಲಿ ಇಲ್ಲದ್ದು ಬಂದ್ರೆ ಅವನು ಏನು ನೋಡ್ತಾನೆ?

ಗುಮಾಸ್ತ: ಹಿಂದೆ ಯಾರಿಗೆ ಹೇಗೆ ಮಾಡಿದ್ರು ಅಂತ ಫೈಲು ತೆಗೀತಾನೆ.

ಹೆಂಡತಿ: ಹಿಂದೆ ತೂತಿನ ಆಪರೇಷನ್ ಯಾರಿಗಾಗಿದೆ?

ಗುಮಾಸ್ತ: ಯಾರಿಗೂ ಇಲ್ಲ. ಇವರೇ ಮೊದಲು.

ಹೆಂಡತಿ: ಹಾಗಾದ್ರೆ ಇವರ ಹೊಟ್ಟೆ ಮೇಲೆ ನೀವು ಏನು ಬರೀತೀರೋ, ನಿಮ್ಮ ಹೊಟ್ಟೆ ಮೇಲೆ ಅವನೂ ಅದನ್ನೇ ಬರೀತಾನೆ.

ಗುಮಾಸ್ತರು ಗೋಡೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿದರು. ಆಮೇಲೆ ಗುಮಾಸ್ತರು ಸ್ಕೇಲು ಬಿಟ್ಟು, ಫೈಲು ಕಟ್ಟುವ ಕೆಂಪು ಲಾಡಿಯೊಂದನ್ನು ಬಿಚ್ಚಿ ಎದ್ದು ಬಂದರು.

ಗುಮಾಸ್ತ: ಅಂಗಿ ಎತ್ತಿ.

ಪಂಪಿನವ: ಮತ್ತೇನು ಸಾರ್?

ಗುಮಾಸ್ತ: ಒಂದೊಂದು ತೂತು ಅಳೆದದ್ದೇ ತಪ್ಪು. ಐದೂ ಒಂದೇ ಆಪರೇಷನ್ನಿನದು. ಹೊಲ ಅಳೆಯೋವಾಗ ಮೂಲೆ ಕಲ್ಲು ಅಳೀತಾರಾ? ಕಲ್ಲಿಂದ ಕಲ್ಲಿಗೆ ಸುತ್ತಲೂ ಅಳೀತಾರೆ.

ಲಾಡಿಯನ್ನು ತೂತಿನಿಂದ ತೂತಿಗೆ ಹೊಟ್ಟೆಯ ಮೇಲೆ ಸುತ್ತಿಸಿ, ಮುಗಿದ ಜಾಗಕ್ಕೆ ಗುರುತಿಗೊಂದು ಗಂಟು ಹಾಕಿ, ಮೇಜಿನ ಮೇಲೆ ನೇರ ಹಾಸಿ ಅಳೆದರು. ಎರಡು ಸ್ಕೇಲು ತುಂಬಿ ಎರಡು ಅಂಗುಲ ಉಳಿಯಿತು.

ಗುಮಾಸ್ತ: ಇಪ್ಪತ್ತಾರು ಅಂಗುಲ! ಹನ್ನೆರಡು ಯಾವಾಗ್ಲೋ ದಾಟಿದೆ. ಎಂಟು ವಾರ.

ಅವರು ರಿಜಿಸ್ಟರಿನಲ್ಲಿ ದುಂಡಗೆ ಬರೆದು, ಅಳತೆಯ ರೀತಿಯನ್ನೂ ಕೆಳಗೆ ಎರಡು ಸಾಲಿನಲ್ಲಿ ವಿವರಿಸಿ, ಮೊಹರು ಒತ್ತಿದರು. ಪಂಪಿನವನಿಗೆ ಮನಸ್ಸು ತಡೆಯಲಿಲ್ಲ.

ಪಂಪಿನವ: ಸಾರ್, ಡಾಕ್ಟ್ರು ಹೇಳಿದ್ದು ಆರೇ ವಾರ. ನನಗೆ ಆರು ಸಾಕು.

ಗುಮಾಸ್ತ: ನಿಮಗೆ ಸಾಕ್ರೀ. ನನಗೆ ಎಂಟು ಬೇಕು.