ಕೌದಿಯೊಳಗಿನ ಲ್ಯಾಪ್‌ಟಾಪು

ಯರಗುಪ್ಪಿಯ ನಿವೃತ್ತ ಹೈಸ್ಕೂಲು ಮಾಸ್ತರ ಶಂಭುಲಿಂಗಪ್ಪನವರ ಲ್ಯಾಪ್‌ಟಾಪು ಅಂದು ಬೆಳಿಗ್ಗೆ ಏಳಕ್ಕೆ ಬಾಯಿ ಮುಚ್ಚಿಕೊಂಡಿತು. ಆ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಹೊಸದೇನಲ್ಲ. ಮಾಸ್ತರರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಗೆಯೇ ಬಾಳಿದವರು. ಆದರೆ ಲ್ಯಾಪ್‌ಟಾಪು ಆರಿಸಿಕೊಂಡ ದಿನ ಮಾತ್ರ ಸರಿಯಿರಲಿಲ್ಲ.

ಅಂದು ಅವರ ತಾಯಿ ಸಾವಿತ್ರೆವ್ವ ಲಿಂಗೈಕ್ಯರಾಗಿ ವರ್ಷ ತುಂಬಿದ ದಿನ. ಮಧ್ಯಾಹ್ನ ಪ್ರಸಾದ. ಸಂಜೆ ಆರಕ್ಕೆ, ಆಮಂತ್ರಣ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದಂತೆ, ‘ಸಾವಿತ್ರೆವ್ವನವರ ಸ್ವಂತ ಧ್ವನಿಯಲ್ಲಿ ಬೀಸುಕಲ್ಲಿನ ಪದ’. ಸಾಯುವ ಮೂರು ತಿಂಗಳ ಮುಂಚೆ ಮಾಸ್ತರರೇ ತಾಯಿಯನ್ನು ಕೂರಿಸಿಕೊಂಡು ರೆಕಾರ್ಡು ಮಾಡಿದ್ದರು. ಆಮೇಲೆ ಕೇಳಿದರಾಯ್ತು ಎಂದು ಬಿಟ್ಟರು. ತಾಯಿ ಹೋದ ಮೇಲೆ ಕೇಳುವ ಧೈರ್ಯ ಬರಲಿಲ್ಲ. ಪರದೆಯ ಬಾಣವನ್ನು ಆ ಫೈಲಿನ ತನಕ ಒಯ್ಯುತ್ತಿದ್ದರು, ಒತ್ತದೆ ವಾಪಸು ತರುತ್ತಿದ್ದರು. ಬೇರೆ ಕಡೆ ಅದರ ಪ್ರತಿ ಇರಲಿಲ್ಲ.

ಆ ಹಾಡಿನ ಮೊದಲ ನುಡಿ ಮನೆಯವರಿಗೆಲ್ಲ ಬರುತ್ತಿತ್ತು:

ತಿರುಗವ್ವ ಕಲ್ಲವ್ವ ಚಿಕ್ಕಿ ಮುಣುಗೂತನಕ
ಮನಿಮಾತ ಹೊರಗ ಒಯ್ಯಬ್ಯಾಡ | ಒಯ್ದರ
ಒಂದ ಮಾತ ಒಯ್ಯ ತವರೀಗೆ

ತವರಿಗೆ ಒಯ್ಯಬೇಕಾದ ಆ ಒಂದು ಮಾತು ಯಾವುದು? ಅದು ಎರಡನೆಯ ನುಡಿಯಲ್ಲಿತ್ತು. ಮನೆಯಲ್ಲಿ ಅದು ಸಾವಿತ್ರೆವ್ವನೊಬ್ಬಳಿಗೇ ಗೊತ್ತಿತ್ತು. ಶಲವಡಿಗೆ ಕೊಟ್ಟಿದ್ದ ಮಾಸ್ತರರ ತಂಗಿ ನೀಲವ್ವ ಮೂವತ್ತು ವರ್ಷದಿಂದ ರೊಟ್ಟಿ ಬಡಿಯುವಾಗ ಈ ಹಾಡು ಗುನುಗಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅದನ್ನು ಕೇಳಬೇಕೆಂದೇ ಹಿಂದಿನ ದಿನವೇ ಬಂದಿಳಿದಿದ್ದಳು.

ಈಗ ನೋಡಿದರೆ ಕಪ್ಪು ಪರದೆ. ಅದರ ಮೂಲೆಯಲ್ಲಿ ಬಿಳಿಯ ಇಂಗ್ಲಿಷ್ ಅಕ್ಷರ.

"ಬೂಟ್ ಡಿವೈಸ್ ಸಿಗವಲ್ದಂತ!" ಎಂದು ಮಾಸ್ತರರು ಕೂಗಿದರು. "ಅಂದ್ರ ಚಾಲೂ ಆಗಾಕ ಬೇಕಾದ ಡಿಸ್ಕ ಸಿಗವಲ್ದಂತ ಇದಕ್ಕ!"

ಹೆಂಡತಿ ನಂದಾ ಒಲೆಯ ಮುಂದಿನಿಂದ ಎದ್ದು ಬಂದಳು. "ಅಲ್ರಿ, ನಿನ್ನಿ ಸಂಜಿಕ ನಾ ಅದಕ್ಕ ವಚನಾ ಹಾಡೂ ನಮ್ಮ ಅಕ್ಕನ ಬಳಗದ್ದು—"

"ಬಳಗದ ಸುದ್ದಿ ಆಮ್ಯಾಲ! ಅವ್ವನ ಧ್ವನಿ ಇದರಾಗ ಸಿಕ್ಕೊಂಡೈತಿ."

"ಅದನ್ನ ಹೇಳಾಕತ್ತೇನ್ರಿ, ನಾ ಅದಕ್ಕ—"

"ನಂದಾ, ಹುಗ್ಗಿ ತಳಾ ಹಿಡದೀತು, ಹೋಗು."

ನಂದಾ ಹೋದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆಕೆ ಆರಂಭಿಸಿದ ವಾಕ್ಯಗಳಿಗೆ ಲೆಕ್ಕವಿಲ್ಲ, ಮುಗಿಸಿದವು ಬೆರಳೆಣಿಕೆ.

ಮಾಸ್ತರರ ಸ್ವಭಾವವೇ ಅದು. ಕೆಟ್ಟವರಲ್ಲ, ಕೈಬಿಚ್ಚಿ ಕೊಡುವವರು. ಆದರೆ ಮೂವತ್ತೈದು ವರ್ಷ ಸಮಾಜ ವಿಜ್ಞಾನ ಹೇಳಿ ಹೇಳಿ, ಎದುರಿಗಿರುವವರು ಬಾಯಿ ತೆರೆದರೆ ತಪ್ಪು ಉತ್ತರವೇ ಬರುತ್ತದೆ ಎಂಬ ನಂಬಿಕೆ ಅವರ ರಕ್ತದಲ್ಲಿ ಇಳಿದುಬಿಟ್ಟಿತ್ತು. ಮಾತಿಗೆ ಹತ್ತಿದರೆಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತೆರೆಯುವ ಹೊತ್ತಿಗೆ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದುದೂ ಉಂಟು.

ಕೂಗು ಕೇಳಿ ಬಾಜೂ ಮನೆಯ ಮಾಳಪ್ಪ ಬಂದ. ನೂರು ಕುರಿ, ಒಂದು ಹಳೆಯ ಟ್ರ್ಯಾಕ್ಟರು ಸಾಕಿದವನು. ಎರಡಕ್ಕೂ ತಾನೇ ಡಾಕ್ಟರು. ಅವನ ಹಿಂದೆ ಅವನ ತಾಯಿ ದುರ್ಗವ್ವ, ಪ್ರಸಾದಕ್ಕೆಂದು ಒಂದು ಗಡಿಗೆ ಮೊಸರು ಹೊತ್ತುಕೊಂಡು ಬಂದಳು.

ಮಾಳಪ್ಪ ಪರದೆ ನೋಡಿ, "ಅಂದ್ರ ತನ್ನ ಹೊಟ್ಟಿ ಎಲ್ಲೈತಿ ಅಂತ ತನಗ ಗೊತ್ತಾಗವಲ್ದೇನ್ರಿ ಮಾಸ್ತರ? ಗಾಳಿ ಹಿಡದೈತಿ. ನಮ್ಮ ಟ್ರ್ಯಾಕ್ಟರಿಗೂ ಹಿಂಗ ಆಗತೈತಿ," ಎಂದ.

"ಮಾಸ್ತರ," ಎಂದಳು ದುರ್ಗವ್ವ, "ನಿಮ್ಮ ಅವ್ವಾರದ ಆ ಪದ ಐತೆಲ್ಲ, ಅದನ್ನ—"

"ಅದ ಇದರಾಗ ಐತಿ ದುರ್ಗವ್ವ, ಹೊರಗ ಬರವಲ್ದು!"

"ಅಲ್ರಿ, ನಾ ಏನಂದೆ ಅಂದ್ರ—"

"ಮೊಸರು ಒಳಗ ಕೊಡಬೇ, ಹುಳಿ ಆದೀತು."

ದುರ್ಗವ್ವ ಒಳಗೆ ಹೋದಳು. ಮಾಳಪ್ಪ ಮಾತ್ರ ಮಾತಿಗೆ ಕಾಯುವವನಲ್ಲ. ಮನೆಗೆ ಓಡಿ ಸೈಕಲ್ ಪಂಪು ತಂದು, ಲ್ಯಾಪ್‌ಟಾಪಿನ ಬದಿಯ ಕಿಂಡಿಗೆ ಅದರ ಮೂತಿ ಇಟ್ಟು ಜೋರಾಗಿ ಒತ್ತಿದ. ವರ್ಷದಿಂದ ಒಳಗೆ ಕೂತಿದ್ದ ಎರಿಮಣ್ಣಿನ ಧೂಳು, ಜೋಳದ ಹಿಟ್ಟು ಆಚೆ ಬದಿಯಿಂದ ಬುಸ್ಸೆಂದು ಮಾಸ್ತರರ ಮುಖಕ್ಕೆ ಹಾರಿತು. ಅವರು ಒಂದೇ ಸಮ ಹನ್ನೊಂದು ಸೀನು ಸೀನಿದರು. ಒಳಗಿದ್ದ ಮೂವರು ಹೆಂಗಸರೂ ಆ ಅಪರೂಪದ ಬಿಡುವಿನಲ್ಲಿ ಹುಗ್ಗಿ, ಮೊಸರಿನ ಮಾತು ಮುಗಿಸಿಕೊಂಡರು.

ಪರದೆ ಮಾತ್ರ ಕಪ್ಪಗೇ ಇತ್ತು.

"ಗಾಳಿ ಅಲ್ಲ ಹಂಗಾದ್ರ," ಎಂದ ಮಾಳಪ್ಪ. "ಗಾಡಿ ತೆಗಿತೇನಿ, ಕುಂದಗೋಳಕ್ಕ ಹೋಗೂಣು ನಡ್ರಿ."

ಹೀಗೆ ಮಾಸ್ತರರು ಮಾಳಪ್ಪನ ಬೈಕಿನ ಹಿಂದೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೊರಟರು. ಅದಕ್ಕೊಂದು ಕೌದಿ ಇತ್ತು. ಸಾವಿತ್ರೆವ್ವ ತನ್ನ ಹಳೆಯ ಇಲಕಲ್ಲ ಸೀರೆಗಳ ತುಂಡು ಕೂಡಿಸಿ, ಯಂತ್ರಕ್ಕೆ ಥಂಡಿ ಹತ್ತಬಾರದೆಂದು, ಕೆಳಭಾಗಕ್ಕೆ ಎತ್ತಿನ ಮೈಗೆ ಹೊದಿಸುವ ಝೂಲಿನಂತೆ ಬಿಗಿಯಾಗಿ ಹೊಲಿದು ಕೊಟ್ಟದ್ದು. ಬದಿಗಳೆಲ್ಲ ಮುಚ್ಚಿ, ವೈರು ಚುಚ್ಚಲು ನಾಲ್ಕು ಸೀಳು ಬಿಟ್ಟಿದ್ದಳು. ಅವಳು ಹೋದ ಮೇಲೆ ಮಾಸ್ತರರು ಆ ಕೌದಿಯನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಅದರ ದಾರ ಹರಿದರೆ ಮತ್ತೆ ಹಾಕುವ ಕೈ ಇಲ್ಲವೆಂದು ಅವರಿಗೆ ಭಯವಿತ್ತು.

ಕುಂದಗೋಳದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲು, ಲ್ಯಾಪ್‌ಟಾಪು ರಿಪೇರಿಯ ಅಂಗಡಿ. ರಿಪೇರಿ ಮಾಡುವವಳು ತಬಸುಮ್, ಗಲ್ಲೆಯಲ್ಲಿ ಕೂತು ಹಣ ಎಣಿಸುವವನು ಅವಳ ಗಂಡ ಜಾಕೀರ್. ತಬಸುಮ್ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಅವರ ಕ್ಲಾಸಿನಲ್ಲಿ ಮೂರು ವರ್ಷ ಕೂತು ‘ಹಾಜರ್ರಿ ಸರ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡಲು ಆಕೆಗೆ ಸಂದರ್ಭ ಸಿಕ್ಕಿರಲಿಲ್ಲ.

"ಸರ, ಇದು ಎಲ್ಲ್ಯರ—"

"ಬಿದ್ದಿಲ್ಲ."

"ನೀರು—"

"ಮುಟ್ಟಿಲ್ಲ. ತಬಸುಮ್, ಡಿಸ್ಕ ಸತ್ತೈತಂತ ನನಗನಸ್ತೈತಿ. ಹಾರ್ಡ್ ಡಿಸ್ಕ್ ಅನ್ನೂದು ಹೆಂಗಂದ್ರ..." ಮಾಸ್ತರರ ಕಣ್ಣು ಮುಚ್ಚಿದವು.

"ಸರ, ಈ ಕೌದಿ ಒಂಚೂರು ತಗಿಯೂಣೇನ್ರಿ? ಬಾಜೂಕ ಏನರ ಹಚ್ಚೇರೇನ್ ಅಂತ—"

"ಕೌದಿ ಮುಟ್ಟಬ್ಯಾಡ! ಅದು ನಮ್ಮವ್ವನ ಕೈಯಿಂದು." ಆಮೇಲೆ ಅವರು ಆ ಕೌದಿಯ ಒಂದೊಂದು ತುಂಡೂ ಯಾವ ಸೀರೆಯದು, ಆ ಸೀರೆ ಯಾರ ಮದುವೆಗೆ ತಂದದ್ದು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದನ್ನೆಲ್ಲ ಹೇಳಿದರು. ಮೂವರು ಗಿರಾಕಿಗಳು ಬಂದು ಹೋದರು. ಮಾಳಪ್ಪ ಹೊರಗಿನ ಕಟ್ಟೆಯ ಮೇಲೆ ಒರಗಿ ನಿದ್ದೆ ಹೋದ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹೊಡೆಯಿತು. ಮನೆಯಲ್ಲಿ ಪ್ರಸಾದಕ್ಕೆ ಮಂದಿ ಸೇರುವ ಹೊತ್ತು.

ತಬಸುಮ್ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಜಾಕೀರ್ ಎದುರಿನ ಹೋಟೆಲಿನಿಂದ ಒಂದು ಪ್ಲೇಟು ಚುರುಮುರಿ ಗಿರ್ಮಿಟ್, ಬಾಣಲೆಯಿಂದ ಆಗಷ್ಟೇ ಎತ್ತಿದ ಎರಡು ಮಿರ್ಚಿ ಭಜಿ ತಂದು, "ತಗೋರಿ ಸರ, ಮುಂಜಾನಿಂದ ಏನೂ ತಿಂದಿಲ್ಲ ನೀವು," ಎಂದು ಕೈಗಿಟ್ಟ.

ಮಾಸ್ತರರು ಮಾತಿನ ಭರದಲ್ಲೇ ಮಿರ್ಚಿಯನ್ನು ಅರ್ಧಕ್ಕೆ ಕಚ್ಚಿದರು. ಬಾಯಿ ಬೆಂದುಹೋಯಿತು. ನುಂಗಲೂ ಆಗದೆ, ಗುರುವಿನ ಘನತೆಗೆ ಉಗುಳಲೂ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತರು. ತಬಸುಮ್‌ಗೆ ಸಿಕ್ಕದ್ದು ಅರ್ಧ ನಿಮಿಷ, ಅಷ್ಟು ಸಾಕಾಯಿತು. ಕೌದಿಯ ಅಂಚನ್ನು ಮೆಲ್ಲಗೆ ಮಡಚಿದಳು. ಬದಿಯಲ್ಲಿ ಉಗುರಿನಷ್ಟು ಪುಟ್ಟ ಪೆನ್‌ಡ್ರೈವ್ ಒಂದು ಕಚ್ಚಿಕೊಂಡಿತ್ತು. ಕಿತ್ತಳು. ಗುಂಡಿ ಒತ್ತಿದಳು. ಪರದೆ ನೀಲಿಯಾಗಿ ಅರಳಿತು. ಪೆನ್‌ಡ್ರೈವನ್ನು ತಿರುಗಿ ಚುಚ್ಚಿ ಅದರೊಳಗೇನಿದೆ ನೋಡಿದಳು.

"ಏನಿಲ್ರಿ ಸರ. ಇದು ಚಾಲೂ ಆಗೂ ಮುಂದ ಮೊದಲ ಬಾಜೂಕ ಯಾರದಾರ ಅಂತ ಕೇಳತೈತಿ. ಈ ಪೆನ್‌ಡ್ರೈವ್ ‘ನಾ ಅದೇನಿ’ ಅಂದೈತಿ. ಇದರಾಗ ಬರೇ ವಚನದ ಹಾಡ ಅದಾವ, ಚಾಲೂ ಮಾಡೂದು ಏನೂ ಇಲ್ಲ. ಬಾಗಿಲದಾಗ ಇದ ನಿಂತಬಿಟ್ಟೈತಿ, ಒಳಗಿನ ಡಿಸ್ಕಿನ ಸರದಿನ ಬಂದಿಲ್ಲ. ಪಾಪ, ಅದು ಅಗದಿ ಚಲೋ ಐತ್ರಿ."

ಮಾಸ್ತರರು ಮಿರ್ಚಿ ನುಂಗಿದರು. "ಇದನ್ನ ಮೊದಲ ಹೇಳೂದಲ್ಲೇನವಾ?"

ತಬಸುಮ್ ಗಂಡನ ಮುಖ ನೋಡಿದಳು. ಹಣ ಮಾತ್ರ ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದಾಗ ಪ್ರಸಾದ ಮುಗಿದು ಎಲೆ ಎತ್ತಿದ್ದರು. ನಂದಾ ಪೆನ್‌ಡ್ರೈವ್ ನೋಡಿ, "ಇದ ಇದು, ನಮ್ಮ ಅಕ್ಕನ ಬಳಗದ್ದು. ನಿನ್ನಿ ಸಂಜಿಕ ನಾನ ಚುಚ್ಚಿದ್ದೆ. ಮುಂಜಾನೆ ಹೇಳಾಕ ಬಂದಿದ್ದೆ," ಎಂದಳು. ಅಷ್ಟು ಉದ್ದದ ಮಾತು ಮುಗಿಯಿತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಆರು ಗಂಟೆಗೆ ಅಂಗಳ ತುಂಬಿತು. ಬಾಡಿಗೆಗೆ ತಂದ ದೊಡ್ಡ ಸ್ಪೀಕರನ್ನು ಲ್ಯಾಪ್‌ಟಾಪಿಗೆ ಹಚ್ಚಿ, ಫೋಟೋದ ಮುಂದೆ ಊದಿನಕಡ್ಡಿ ಬೆಳಗಿದರು. ನೀಲವ್ವ ಮುಂದೆ ಕೂತಳು, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಮಾಸ್ತರರು ಬಾಣವನ್ನು ಆ ಫೈಲಿನ ಮೇಲೆ ತಂದು ಗುಂಡಿ ಒತ್ತಿದರು.

"ಹಲೋ, ಹಲೋ. ಒಂದು, ಎರಡು. ಮಾನ್ಯ ಕೇಳುಗರೆ, ಬೀಸುಕಲ್ಲಿನ ಪದಗಳೆಂದರೆ ನಮ್ಮ ಜನಪದರ ಬದುಕಿನ ಕನ್ನಡಿ..." ಮಾಸ್ತರರ ಧ್ವನಿ. ಅಂಗಳದಲ್ಲಿ ಎಲ್ಲರೂ ತಾಳ್ಮೆಯಿಂದ ಕಾದರು. ಐದು ನಿಮಿಷ, ಹತ್ತು ನಿಮಿಷ. ನಡುನಡುವೆ ಸಾವಿತ್ರೆವ್ವನ "ಹೂಂ" ಕೇಳುತ್ತಿತ್ತು. ಒಂದೊಂದು "ಹೂಂ"ಗೂ ನೀಲವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಪ್ಪತ್ತನೆಯ ನಿಮಿಷಕ್ಕೆ ಕೊನೆಗೂ ಆ ಮುದಿ ದನಿ ಎದ್ದಿತು. ತಿರುಗವ್ವ ಕಲ್ಲವ್ವ. ಮೊದಲ ನುಡಿ ಮುಗಿಯಿತು. ಮುದುಕಿ ಉಸಿರೆಳೆದುಕೊಂಡಳು.

"ಏನಂತ ಹೇಳಲಿ—"

"ಒಂದ ನಿಮಿಷಬೇ! ಕೇಳುಗರೆ, ಇಲ್ಲಿ ತವರು ಎಂಬ ಪದವನ್ನು ನಾವು ವಿಶೇಷವಾಗಿ ಗಮನಿಸಬೇಕು..."

ಹದಿನೆಂಟು ನಿಮಿಷ ಗಮನಿಸಲಾಯಿತು. ಆಮೇಲೆ ಸಾವಿತ್ರೆವ್ವ ಕೇಳಿದಳು, "ಮುಗೀತೇನಪಾ?"

"ಮುಗೀತು. ಹಾಡಬೇ."

"ಒಲಿ ಮ್ಯಾಲ ಹಾಲ ಇಟ್ಟಿದ್ದೆ. ಉಕ್ಕಿರಬೇಕು, ನೋಡಿ ಬರ್ತೇನಿ ತಡಿ."

ಬಳೆಯ ಸದ್ದು ದೂರವಾಯಿತು. "ಇಲ್ಲಿಗೆ ನಮ್ಮ ಕಾರ್ಯಕ್ರಮ ಮುಕ್ತಾಯವಾಯಿತು," ಎಂದಿತು ಮಾಸ್ತರರ ಧ್ವನಿ. ಅಷ್ಟೇ.

ಮೊದಲು ನಕ್ಕವಳು ನೀಲವ್ವ. ಆಮೇಲೆ ಅಂಗಳವೆಲ್ಲ ನಕ್ಕಿತು. ನಗುತ್ತ ನಗುತ್ತ ನೀಲವ್ವನ ದನಿ ಬಿರಿದು ಅಳುವಾಯಿತು. ಅವ್ವ ಪೂರ್ತಿ ಹಾಡಿದ್ದಳೆಂದೇ ವರ್ಷವಿಡೀ ಮಾಸ್ತರರು ನಂಬಿದ್ದರು. ಮಾತಾಡುವವರಿಗೆ ತಾವು ಮಾತಾಡಿದ್ದು ನೆನಪಿರುವುದಿಲ್ಲ. ಎದುರಿಗಿದ್ದವರು ಹೇಳಿದರೆಂದೇ ಅನ್ನಿಸುತ್ತಿರುತ್ತದೆ. ಒಂದು ಇಡೀ ಆಯುಷ್ಯ ತಾಯಿಯ ಪಕ್ಕದಲ್ಲಿ ಕೂತು ಆಕೆಯ ಒಂದು ಹಾಡನ್ನೂ ಪೂರ್ತಿ ಕೇಳಿಲ್ಲವೆಂದು ಅವರಿಗೆ ಆಗ ತಿಳಿಯಿತು.

ಜನ ಒಬ್ಬೊಬ್ಬರೇ ಎದ್ದರು. ದುರ್ಗವ್ವ ಮಾತ್ರ ಕೂತೇ ಇದ್ದಳು.

"ಆ ಎರಡನೇ ನುಡಿ ನನಗ ಬರತೈತ್ರಿ ಮಾಸ್ತರ. ನಾವಿಬ್ಬರೂ ಒಂದ ಕಲ್ಲ ತಿರುವಿದಾಕಿಗೋಳು. ಮುಂಜಾನೆ ಮೊಸರ ತಂದಾಗ ಅದನ್ನ ಹೇಳಾಕ ಬಂದಿದ್ದೆ."

"ತಡಿ ದುರ್ಗವ್ವ!" ಮಾಸ್ತರರು ಮೊಬೈಲು ತೆಗೆದರು. "ಈ ಸಲ ನಾ ಒಂದ ಮಾತೂ ಆಡಂಗಿಲ್ಲ. ಹಾಡೂವರು ಯಾರು ಅನ್ನೂದಷ್ಟ ಹೇಳತೇನಿ, ಮುಂದಿನವರಿಗೆ ಗೊತ್ತಾಗಬೇಕಲ್ಲ?" ಕಣ್ಣು ಮುಚ್ಚಿಕೊಂಡು, "ಮಾನ್ಯ ಕೇಳುಗರೆ," ಎಂದರು.

ತೆರೆದಾಗ ಚಾಪೆ ಖಾಲಿಯಿತ್ತು. ಸ್ಪೀಕರಿನ ಪಕ್ಕ ಮಾಳಪ್ಪನೊಬ್ಬ ಕೂತಿದ್ದ. ಹಿತ್ತಲ ಕಡೆಯಿಂದ ಹಾಡಿನ ಎಳೆಯೊಂದು ಕೇಳುತ್ತಿತ್ತು. ಮಾಸ್ತರರು ಬರಿಗಾಲಲ್ಲಿ ಓಡಿದರು. ಮುಟ್ಟುವ ಹೊತ್ತಿಗೆ ಹಾಡು ಮುಗಿದು ದುರ್ಗವ್ವ ಎಮ್ಮೆ ಹಿಂಡಲು ಮನೆಗೆ ಹೊರಟಿದ್ದಳು. ನೀಲವ್ವ, ನಂದಾ ಹಳೆಯ ಬೀಸುಕಲ್ಲಿನ ಹತ್ತಿರ ಕೂತಿದ್ದರು. ನೀಲವ್ವನ ಮುಖದಲ್ಲಿ ಅತ್ತದ್ದು ತೊಳೆದುಹೋಗಿ ಎಂಥದೋ ಬೆಳಕಿತ್ತು.

"ಯವ್ವಾ ನೀಲಾ, ಏನಂತ ಆ ಮಾತು?"

ನೀಲವ್ವ ನೆಲ ತೋರಿಸಿದಳು. "ಹೇಳತೇನಣ್ಣಾ. ನೀ ಸುಮ್ನ ಕೂಡಬೇಕು ನೋಡು."

ಮಾಸ್ತರರು ಮೊಬೈಲನ್ನು ನಂದಾಳ ಕೈಗೆ ಕೊಟ್ಟರು. ಬೀಸುಕಲ್ಲಿನ ಪಕ್ಕ ನೆಲದ ಮೇಲೆ ಕೂತರು. ತುಟಿ ಹೊಲಿದಂತೆ ಮುಚ್ಚಿದರು. ಕಣ್ಣು ತೆರೆದೇ ಇಟ್ಟರು. ಒಂದು ನಿಮಿಷವಾಯಿತು, ಎರಡಾಯಿತು, ಒಂದು ಅಕ್ಷರ ಹೊರಬರಲಿಲ್ಲ. ನಂದಾ ಗಂಡನನ್ನು ಅಷ್ಟು ಹೊತ್ತು ಹಾಗೆ ನೋಡಿದ್ದು ಅದೇ ಮೊದಲು. ನೀಲವ್ವನಿಗೂ ನಂಬಿಕೆ ಬಂತು. ಆಕೆ ಉಸಿರೆಳೆದುಕೊಂಡು ಹಾಡಲು ಬಾಯಿ ತೆರೆದಳು.

ಅಷ್ಟರಲ್ಲಿ ಅಂಗಳದಲ್ಲಿ ಒಬ್ಬನೇ ಕೂತಿದ್ದ ಮಾಳಪ್ಪನಿಗೆ ಸಾವಿತ್ರೆವ್ವನ ಧ್ವನಿಯನ್ನು ಇನ್ನೊಮ್ಮೆ ಕೇಳಬೇಕೆನ್ನಿಸಿತು. ಒಳ್ಳೆಯ ಮನಸ್ಸಿನವನು, ಆಕೆಯ ಕೈಯ ರೊಟ್ಟಿ ತಿಂದು ಬೆಳೆದವನು. ಎದ್ದು, ಮಾಸ್ತರರು ಒತ್ತಿದ್ದ ಗುಂಡಿಯನ್ನೇ ತಾನೂ ಒತ್ತಿ, ಸ್ಪೀಕರಿನ ತಿರುಪನ್ನು ಕೊನೆಯ ತನಕ ತಿರುಗಿಸಿದ.

"ಹಲೋ, ಹಲೋ! ಒಂದು, ಎರಡು! ಮಾನ್ಯ ಕೇಳುಗರೆ..."

ಅರ್ಧ ಊರಿಗೆ ಕೇಳುವಂತೆ ಮಾಸ್ತರರ ಧ್ವನಿ ಮೊಳಗಿತು. ಮಾಸ್ತರರು ಕೂತಲ್ಲೇ ಕೂತಿದ್ದರು, ಬಾಯಿ ಮುಚ್ಚಿಕೊಂಡೇ. ಎದುರಿಗೆ ಕಣ್ಣು ಮುಚ್ಚಿ ಹಾಡುತ್ತಿದ್ದ ನೀಲವ್ವನ ತುಟಿ ಅಲುಗುವುದು ಕಾಣುತ್ತಿತ್ತು. ಏನೂ ಕೇಳಿಸಲಿಲ್ಲ.